ಒಂದು ಮಗುವಿಗಾಗಿ ಮೂವತ್ತು ಮಕ್ಕಳು?

"ಒಂದು ಮಗುವಿಗೋಸ್ಕರ ಮೂವತ್ತು ಮಕ್ಕಳ ಪಾಠ ಹಾಳಾಗಬೇಕಾ?" ಶಿಕ್ಷಕರ ತರಬೇತಿಗಳಲ್ಲಿ, ಪೋಷಕರ ಸಭೆಗಳಲ್ಲಿ ಈ ಪ್ರಶ್ನೆ ಈಗ ಸಂಕೋಚವಿಲ್ಲದೆ ಕೇಳಿಬರುತ್ತಿದೆ. ಕೇಳುವವರು ಕೆಟ್ಟವರೇನಲ್ಲ. ಕಿವಿ ಮಂದವಾದ, ಕೈ ನಡುಗುವ, ಒಂದೆಡೆ ಕೂರಲಾಗದ ಮಗುವೊಂದು ಒಂದನೇ ತರಗತಿಗೆ ಸೇರಿದಾಗ ಹುಟ್ಟುವ ಆತಂಕ ಅದು. ಆದರೆ ಆ ಮಗುವಿಗೆ ಕೊಡುವುದನ್ನೆಲ್ಲ ಉಳಿದವರಿಂದ ಕಿತ್ತೇ ಕೊಡಬೇಕು ಎಂದು ಪ್ರಶ್ನೆ ಮೊದಲೇ ತೀರ್ಮಾನಿಸಿಬಿಟ್ಟಿದೆ. ಪ್ರಾಥಮಿಕ ಶಾಲೆಯ ಮಟ್ಟಿಗೆ ಈ ತೀರ್ಮಾನ ಬಹುಪಾಲು ಸುಳ್ಳು. ಮಗುವನ್ನು ಹೆಚ್ಚಾಗಿ ಹೊರಗಿಡುವುದು ನಮ್ಮ ತರಗತಿಯ ದಿನಚರಿಯೇ. ಅದನ್ನು ತಿದ್ದಿಕೊಂಡರೆ ಲಾಭ ಮೂವತ್ತೊಂದು ಮಕ್ಕಳಿಗೂ ಉಂಟು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣವನ್ನು ಶಾಲೆಗಳ ಕರ್ತವ್ಯವೆಂದು ಹೇಳಿದೆ. ಅನೇಕ ಶಾಲೆಗಳಿಗೆ ಇಳಿಜಾರು ದಾರಿ ಬಂತು, ವಿಕಲಚೇತನರ ದಿನವಾದ ಡಿಸೆಂಬರ್ 3ರಂದು ಭಾಷಣ ನಡೆಯುತ್ತದೆ. ಇಳಿಜಾರು ಹತ್ತಿ ಒಳಗೆ ಬಂದ ಮಗು ಸಂಜೆ ಗಂಟೆ ಹೊಡೆಯುವವರೆಗೆ ಏನು ಮಾಡುತ್ತದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ.

ಹಾಜರಿಯನ್ನೇ ನೋಡಿ. ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ ಹೆಸರು ಕೂಗುತ್ತಾರೆ, ಮಕ್ಕಳು 'ಎಸ್ ಸಾರ್' ಅನ್ನುತ್ತಾರೆ. ಕಿವಿ ಸರಿಯಾಗಿ ಕೇಳದ ಹುಡುಗಿಗೆ ತನ್ನ ಹೆಸರು ಬಂದದ್ದೇ ಗೊತ್ತಾಗುವುದಿಲ್ಲ. ಪಕ್ಕದವಳು ತಿವಿಯುತ್ತಾಳೆ, ಇವಳು ತಡಬಡಿಸಿ ಏಳುತ್ತಾಳೆ, ಎಲ್ಲರೂ ನಗುತ್ತಾರೆ. ಉಗ್ಗುವ ಹುಡುಗ ತನ್ನ ಸರದಿ ಬರುವ ಮೊದಲೇ ಬೆವರುತ್ತಾನೆ. ಮನೆಯಲ್ಲಿ ಲಂಬಾಣಿ ಆಡುವ, ಊರಿಗೆ ಹೊಸದಾಗಿ ಬಂದ ಮಗುವಿನ ಹೆಸರನ್ನು ಮೇಷ್ಟ್ರು ತಪ್ಪಾಗಿ ಕರೆದದ್ದು ವರ್ಷವಿಡೀ ಹಾಗೇ ಉಳಿದುಬಿಡುತ್ತದೆ. ಪಾಠ ಶುರುವಾಗುವ ಮುಂಚೆಯೇ ಮೂವರು ಸೋತಾಯಿತು. ಇದರ ಬದಲು ಗೋಡೆಯ ಮೇಲೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಒಂದು ಪಟ್ಟಿ ಅಂಟಿಸಿ. ಪ್ರತಿ ಹೆಸರಿನ ಪಕ್ಕ ಆ ಮಗುವೇ ಆರಿಸಿಕೊಂಡ ಚಿತ್ರ ಇರಲಿ: ನವಿಲು, ಮಾವಿನಹಣ್ಣು, ಬಸ್ಸು. ಒಳಗೆ ಬರುತ್ತಲೇ ತನ್ನ ಚಿತ್ರದ ಮುಂದೆ ಗುರುತು ಹಾಕಿ ಕೂರಬೇಕು, ಅಷ್ಟೇ. ಮೇಷ್ಟ್ರಿಗೆ ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೂ ಮುಖ ನೋಡಿ ಮಾತಾಡಿಸಲು ಬಿಡುವಾಗುತ್ತದೆ: ಜ್ವರ ಬಿಡ್ತಾ, ಕನ್ನಡಕ ಎಲ್ಲಿ, ತಿಂಡಿ ತಿಂದ್ಯಾ. ಸರ್ಕಾರಿ ಹಾಜರಿ ಪುಸ್ತಕವನ್ನು ಆಮೇಲೆ ಆ ಪಟ್ಟಿ ನೋಡಿ ತುಂಬಿಕೊಂಡರಾಯಿತು. ಇನ್ನೊಂದು ಫಲವೂ ಇದೆ. ದಿನಾ ನೋಡಿ ನೋಡಿ ಮಕ್ಕಳೆಲ್ಲ ತಮ್ಮ ಹೆಸರನ್ನು, ನಿಧಾನವಾಗಿ ಗೆಳೆಯರ ಹೆಸರನ್ನು ಓದತೊಡಗುತ್ತಾರೆ. ಖರ್ಚು ಒಂದು ಡ್ರಾಯಿಂಗ್ ಹಾಳೆ. ಯಾರ ಪಾಠ ಹಾಳಾಯಿತು?

ಇದು ಹೊರಗಿನಿಂದ ಆಮದಾಗಬೇಕಾದ ವಿದ್ಯೆಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲೇ ಇದರ ಬೇರು ಇದೆ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಕಲಿತು ಬಂದು, ಪಾಠಪುಸ್ತಕವನ್ನು ಒಡೆದು ಕಾರ್ಡುಗಳನ್ನಾಗಿ ಮಾಡಿದರು, ಅವನ್ನು ಕಲಿಕಾ ಏಣಿಯಲ್ಲಿ ಜೋಡಿಸಿದರು. ಕೂಲಿಗೋ ಹಬ್ಬಕ್ಕೋ ಕಾಯಿಲೆಗೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ತರಗತಿ ತನ್ನನ್ನು ಬಿಟ್ಟು ಹೋಯಿತೆಂಬ ಅವಮಾನ ಅದಕ್ಕಿಲ್ಲ. ನೆಲದ ಮೇಲೆ ಗುಂಪುಗುಂಪಾಗಿ ಕೂರುವುದರಿಂದ ಕೊನೆಯ ಬೆಂಚೇ ಇಲ್ಲ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಸಹಪಾಠಿಗಳದು, ಮತ್ತೊಂದು ಸ್ವಂತ ಕಲಿಕೆಯದು. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪುಹಲಗೆ, ಪ್ರತಿ ಮಗುವಿಗೂ ಅದರಲ್ಲಿ ಒಂದು ಪಾಲು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆ ವಿಸ್ತರಿಸಿತು. ವಿಸ್ತರಿಸುವಾಗ ಅದರ ಜೀವ ಎಷ್ಟೋ ಕಡೆ ಸೋರಿಹೋಯಿತು; ಕಾರ್ಡುಗಳು ಬೀರು ಸೇರಿದ ಶಾಲೆಗಳೂ ಇವೆ. ಆದರೂ ವಿಶೇಷ ಮಗುವಿಗೆ ಬೇಕಾದದ್ದೇನು ಎಂದು ಯಾರಾದರೂ ಕೇಳಿದರೆ, ಅರ್ಧ ಉತ್ತರ ಆ ಬೀರುವಿನಲ್ಲಿದೆ ಎಂದೇ ಹೇಳುತ್ತೇನೆ.

ಇನ್ನೊಂದು ಅಭ್ಯಾಸ ಇದಕ್ಕಿಂತಲೂ ಅಗ್ಗ: ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು. ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಹಿಂದುಳಿದವರೆನಿಸಿಕೊಂಡ ಮಕ್ಕಳೂ ಬಾಯಿಬಿಟ್ಟರು. ನಿಧಾನವಾಗಿ ಯೋಚಿಸುವ ಮಗುವಿಗೆ, ಮನೆಮಾತಿನಿಂದ ಕನ್ನಡಕ್ಕೆ ಮನಸ್ಸಿನಲ್ಲೇ ದಾಟಿ ಬರಬೇಕಾದ ಮಗುವಿಗೆ ಆ ಎರಡು ಸೆಕೆಂಡೇ ದಾರಿ.

ನಾನು ಕಂಡ ಒಂದು ಶಾಲೆಯಲ್ಲಿ ಹಾಲು ಕೊಡುವ ಹೊತ್ತು ಹೀಗಿತ್ತು. ಕೈ ನಡುಗುವ ಹುಡುಗನೊಬ್ಬ ತುಂಬಿದ ಲೋಟ ಹಿಡಿದರೆ ಬಿಸಿ ಹಾಲು ಅಂಗಿಯ ಮೇಲೆ. ಟೀಚರ್ ಅವನಿಗೆ ಬೇರೆ ಪಾತ್ರೆ ತರಲಿಲ್ಲ, ಆಯಾ ಕೈಯಲ್ಲಿ ಕುಡಿಸಲಿಲ್ಲ. ಎಲ್ಲ ಮಕ್ಕಳಿಗೂ ಅರ್ಧರ್ಧ ಲೋಟದಂತೆ ಎರಡು ಸಲ ಕೊಡತೊಡಗಿದರು. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಸಾಲಿನಲ್ಲೇ ಕೂತು ಕುಡಿದ. ಉಳಿದವರ ಅಂಗಿಗಳ ಮೇಲೂ ಹಾಲು ಬೀಳುವುದು ನಿಂತಿತು.

ಉಳಿದ ಮಕ್ಕಳ ಅಂಕ ಕುಸಿಯುತ್ತದೆ ಎಂಬ ವಾದ ಆರು ವರ್ಷದವರನ್ನು ಅಂಕದಲ್ಲಿ ಅಳೆಯುವವರದು, ಅದಕ್ಕೆ ಇಷ್ಟೇ ಸಾಕು. ಆದರೆ ಎರಡು ಆಕ್ಷೇಪಗಳಿಗೆ ತಲೆಬಾಗಲೇಬೇಕು. ಮೊದಲನೆಯದು ಶಿಕ್ಷಕರದು. ಒಬ್ಬರೋ ಇಬ್ಬರೋ ಇರುವ ಶಾಲೆಯಲ್ಲಿ ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಚುನಾವಣೆಯ ಕೆಲಸ ಎಲ್ಲವೂ ಅವರ ತಲೆಗೇ. 2025ರ ದಸರಾ ಹೊತ್ತಿಗೆ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಅವರೇ. ಅವರ ಹೊರೆ ಇಳಿಸದೆ ಉಪದೇಶ ಮಾತ್ರ ಕೊಡುವುದು ಅನ್ಯಾಯ, ನಾನು ಹೇಳಿದ ಅಭ್ಯಾಸಗಳು ಅಗ್ಗವೆಂಬುದು ಈ ಅನ್ಯಾಯಕ್ಕೆ ನೆಪವಾಗಬಾರದು.

ಎರಡನೆಯದು ಕಿವುಡ ಸಮುದಾಯದ್ದು, ಇನ್ನೂ ಗಟ್ಟಿಯಾದದ್ದು. ಪೂರ್ತಿ ಕೇಳಿಸದ ಮಗುವನ್ನು, ಸಂಜ್ಞೆ ಭಾಷೆ ಬಲ್ಲವರು ಒಬ್ಬರೂ ಇಲ್ಲದ ತರಗತಿಯಲ್ಲಿ ಕೂರಿಸಿ ಒಳಗೊಂಡೆವು ಎಂದರೆ ಅದು ಒಂಟಿತನಕ್ಕೆ ಇಟ್ಟ ಹೆಸರಷ್ಟೇ. ಭಾಷೆ ಬೆಳೆಯುವ ವಯಸ್ಸು ಹಾಗೇ ಕಳೆದುಹೋದರೆ ಹಿಂದಿರುಗಿ ಬರುವುದಿಲ್ಲ. ವಿಶ್ವಸಂಸ್ಥೆಯ 2006ರ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯೂ ಕಿವುಡರ ಭಾಷಿಕ ಅಸ್ಮಿತೆಯನ್ನು ಮಾನ್ಯ ಮಾಡಿದೆ. ಆ ಮಗುವಿಗೆ ಸಂಜ್ಞೆ ಭಾಷೆಯ ಶಿಕ್ಷಕರೂ ಅದೇ ಭಾಷೆಯ ಗೆಳೆಯರೂ ಬೇಕು, ಅದಕ್ಕೆ ಪ್ರತ್ಯೇಕ ಶಾಲೆಯೇ ಸರಿಯೆಂದು ಪೋಷಕರು ಆರಿಸಿಕೊಂಡರೆ ತಪ್ಪೆನ್ನಲಾರೆ. ಆದರೆ ಈ ವಾದವನ್ನು ಎರವಲು ಪಡೆದು, ನಡುಗುವ ಕೈಯ ಮಗುವನ್ನೂ ಮಾತು ತಡವಾದ ಮಗುವನ್ನೂ ಬೇರೆಡೆಗೆ ಸಾಗಹಾಕುವುದು ಮೋಸ.

ಹಾಗಾಗಿ ಇಲಾಖೆಯಲ್ಲಿ ನನ್ನದೊಂದು ಕೇಳಿಕೆ. ತರಬೇತಿ ಕೊಠಡಿಯಲ್ಲಿ 21 ವೈಕಲ್ಯಗಳ ಪಟ್ಟಿಯನ್ನು ಪರದೆಯ ಮೇಲೆ ಓದಿ ಹೇಳಿದ್ದು ಸಾಕು. ಇಂಥ ದಿನಚರಿಯನ್ನು ಚೆನ್ನಾಗಿ ನಡೆಸುತ್ತಿರುವ ಟೀಚರ್ ತಾಲ್ಲೂಕಿನಲ್ಲಿ ಒಬ್ಬರಾದರೂ ಇದ್ದಾರು. ಹೊಸ ಶಿಕ್ಷಕರನ್ನು ಒಂದು ವಾರ ಅವರ ಕೊಠಡಿಯಲ್ಲಿ, ಮಕ್ಕಳ ಜೊತೆ ನೆಲದ ಮೇಲೆ ಕೂರಿಸಿ. ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ಕಲಿತದ್ದೂ ಕಣ್ಣಾರೆ ನೋಡಿಯೇ.