ಅರಳುಮರಳಿಗೆ ಅಂಕ ಹಾಕುವ ಮುನ್ನ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕನ್ನಡಿಗರು ತಲೆಮಾರುಗಳಿಂದ ನಗುತ್ತಲೇ ಹೇಳಿಕೊಂಡು ಬಂದಿದ್ದಾರೆ. ಆ ನಗೆಯಲ್ಲಿ ಎರಡು ತಪ್ಪುಗಳು ಅಡಗಿವೆ. ವಯಸ್ಸಾದವರೆಲ್ಲರಿಗೂ ಬುದ್ಧಿ ಮಂಕಾಗುತ್ತದೆ ಎಂಬುದು ಮೊದಲನೆಯದು. ಮಂಕಾದರೆ ಅದು ವಯಸ್ಸಿನ ಸಹಜಧರ್ಮ, ಅದಕ್ಕೆ ಮಾಡುವಂಥದ್ದೇನೂ ಇಲ್ಲ ಎಂಬುದು ಎರಡನೆಯದು. ಈಗ ಮೂರನೆಯದೊಂದು ಸೇರಿಕೊಳ್ಳುತ್ತಿದೆ: ಹತ್ತು ನಿಮಿಷದ ಪ್ರಶ್ನಾವಳಿಯೊಂದರ ಅಂಕವನ್ನೇ ಹಿರಿಯರ ಬುದ್ಧಿಯ ಮೇಲಿನ ಅಂತಿಮ ತೀರ್ಪೆಂದು ಭಾವಿಸುವುದು. ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಈ ಮೂರನೆಯ ತಪ್ಪಿಗೆ ಬಹುಸುಲಭವಾಗಿ ಬೀಳಬಲ್ಲವು.

ಮರೆವಿನ ಕಾಯಿಲೆ ಕಾಲ್ಪನಿಕವಲ್ಲ. ದೇಶದ ಹಿರಿಯ ನಾಗರಿಕರ ಕುರಿತ 'ಲಾಸಿ' ಎಂಬ ದೀರ್ಘಕಾಲಿಕ ಅಧ್ಯಯನದ ಅಂಗವಾಗಿ ನಡೆದ ಪರೀಕ್ಷೆಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಈ ಲೆಕ್ಕವನ್ನು ತಿರುಗಿಸಿ ಓದಿದರೆ, ನೂರು ಹಿರಿಯರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇಲ್ಲವೆಂಬುದೂ ಅಷ್ಟೇ ಸತ್ಯ. ಇರುವವರನ್ನು ಇಲ್ಲದವರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ? ಮನಃಶಾಸ್ತ್ರೀಯ ಪರೀಕ್ಷೆಗಳು ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರವಾಗಿ.

ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು 1975ರಲ್ಲಿ ಅಮೆರಿಕದಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಅವರು ರೂಪಿಸಿದ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆ. ಒಟ್ಟು 30 ಅಂಕ. ಇಂದಿನ ತಾರೀಖು ಯಾವುದು, ಯಾವ ಋತು, ಈಗ ಎಷ್ಟನೆಯ ಮಹಡಿಯಲ್ಲಿದ್ದೀರಿ ಎಂದು ಕೇಳುತ್ತಾರೆ. ಮೂರು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳಲು ಹೇಳುತ್ತಾರೆ. ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು, ಒಂದರೊಳಗೊಂದು ಸೇರಿದ ಎರಡು ಪಂಚಭುಜಗಳನ್ನು ನೋಡಿ ಬಿಡಿಸಬೇಕು. 24ಕ್ಕಿಂತ ಕಡಿಮೆ ಬಂದರೆ ಸಂಶಯಕ್ಕೆ ಆಸ್ಪದವಿದೆ ಎಂಬುದು ರೂಢಿಯ ಲೆಕ್ಕ.

ಈಗ ಕಾರ್ಕಳದ ಕಡೆಯಿಂದ, ಪತಿ ತೀರಿಕೊಂಡ ಮೇಲೆ, ಡೊಂಬಿವಲಿಯಲ್ಲಿರುವ ಮಗನ ಮನೆಗೆ ಬಂದ ಎಂಬತ್ತರ ತಾಯಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಮನೆಮಾತು ತುಳು, ಓದಿದ್ದು ಮೂರನೆಯ ತರಗತಿಯವರೆಗೆ ಕನ್ನಡದಲ್ಲಿ. ಪರೀಕ್ಷಕರು ಕೇಳುವುದು ಹಿಂದಿಯಲ್ಲಿ. ತಾರೀಖು ಕೇಳಿದರೆ ಅವರಿಗೆ ಗೊತ್ತಿಲ್ಲ. ಆದರೆ ಅಂದು ಚತುರ್ದಶಿ, ತಮಗೆ ಉಪವಾಸವೆಂಬುದು ಚೆನ್ನಾಗಿ ಗೊತ್ತು. ಮಹಡಿ ಎಷ್ಟನೆಯದೆಂದರೆ, ಲಿಫ್ಟಿನ ಗುಂಡಿ ಒತ್ತಿದ್ದು ಮೊಮ್ಮಗ. ಸೇರು, ಪಾವಿನ ಲೆಕ್ಕದಲ್ಲಿ ಒಂದು ದೊಡ್ಡ ಮನೆಯ ಉಗ್ರಾಣವನ್ನೇ ನಡೆಸಿದ ಕೈಗೆ ಪೆನ್ಸಿಲ್ ಹಿಡಿದು ಪಂಚಭುಜ ಬಿಡಿಸುವ ಪ್ರಸಂಗ ಎಂದೂ ಬಂದಿಲ್ಲ. ಪಕ್ಕದಲ್ಲಿ ಕುಳಿತ ಮಗ ಅಸಹನೆಯಿಂದ, "ಅಮ್ಮಾ, ಇಷ್ಟೂ ಗೊತ್ತಿಲ್ವಾ?" ಎನ್ನುತ್ತಾನೆ. ಕಡತದಲ್ಲಿ 19 ಎಂದು ದಾಖಲಾಗುತ್ತದೆ. ಆ ಅಂಕ ಅಳೆದದ್ದು ತಾಯಿಯ ಮಿದುಳನ್ನೋ, ಅವರಿಗೆ ದೊರೆಯದೆ ಹೋದ ಶಾಲೆಯನ್ನೋ?

ಇದು ಭಾವುಕತೆಯ ಪ್ರಶ್ನೆಯಲ್ಲ. 1993ರಲ್ಲಿ ಅಮೆರಿಕದಲ್ಲಿಯೇ 18,056 ವಯಸ್ಕರ ಅಂಕಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವು ಇದನ್ನು ಸ್ಪಷ್ಟಪಡಿಸಿತು. ಒಂಬತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರ ಮಧ್ಯಕ ಅಂಕ 29. ಐದರಿಂದ ಎಂಟು ವರ್ಷ ಓದಿದವರದು 26. ನಾಲ್ಕು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರದು 22. ಅಂದರೆ, ಶಾಲೆಯ ಮುಖ ಕಾಣದ ಸಾಧಾರಣ ಮನುಷ್ಯನೊಬ್ಬ ಕೇವಲ ಆ ಕಾರಣಕ್ಕೇ ಸಂಶಯದ ಗೆರೆಯಿಂದ ಕೆಳಗೆ ಬೀಳಬಲ್ಲ. 1951ರ ಜನಗಣತಿಯಲ್ಲಿ ಭಾರತೀಯ ಸ್ತ್ರೀಯರ ಸಾಕ್ಷರತೆ ಶೇ. 9ನ್ನೂ ಮುಟ್ಟಿರಲಿಲ್ಲ. ಇಂದಿನ ಅಜ್ಜಿಯರು ಆ ಕಾಲದ ಬಾಲಕಿಯರು. ಓದಿಸದೆ ಬಿಟ್ಟ ಸಮಾಜವೇ ಇಂದು ಓದಿನ ಅಳತೆಗೋಲು ಹಿಡಿದು ಅವರ ಬುದ್ಧಿಯನ್ನು ಅಳೆಯುವುದು ಅನ್ಯಾಯದ ಮೇಲೆ ಮತ್ತೊಂದು ಅನ್ಯಾಯ.

ಈ ದೋಷವನ್ನು ಭಾರತದ ಸಂಶೋಧಕರು ಗುರುತಿಸದೆ ಇಲ್ಲ. ಹರಿಯಾಣದ ಬಲ್ಲಭಗಢದಲ್ಲಿ ನಡೆದ ಭಾರತ-ಅಮೆರಿಕ ಜಂಟಿ ಅಧ್ಯಯನದ ಫಲವಾಗಿ, ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಇದೇ ಪರೀಕ್ಷೆಯ ಹಿಂದಿ ರೂಪವನ್ನು ಪ್ರಕಟಿಸಿದರು. ಅಲ್ಲಿ ವಾಕ್ಯ ಬರೆಯುವುದರ ಬದಲು ಮನೆಯ ಬಗ್ಗೆ ಏನಾದರೂ ಒಂದು ಮಾತು ಹೇಳಿದರೆ ಸಾಕು. 'ಕಣ್ಣು ಮುಚ್ಚಿ' ಎಂಬ ಬರಹವನ್ನು ಓದಿ ಪಾಲಿಸುವ ಬದಲು, ಪರೀಕ್ಷಕರು ಮಾಡಿದಂತೆ ಮಾಡಿ ತೋರಿಸಿದರೆ ಸಾಕು. ಪ್ರಶ್ನೆಯನ್ನು ಹಳ್ಳಿಗನ ಬದುಕಿನ ಬಳಿಗೆ ಒಯ್ದಿದ್ದೇ ಆ ಕೆಲಸದ ಹಿರಿಮೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದಲ್ಲಿಯೂ ಪರೀಕ್ಷಾ ಸಾಧನಗಳನ್ನು ಸಿದ್ಧಪಡಿಸಿತು. ಸಾಧನ ಕನ್ನಡದಲ್ಲಿದೆ. ಆದರೆ ಮುಂಬಯಿ, ಪುಣೆ, ದೆಹಲಿಗಳ ಆಸ್ಪತ್ರೆಗಳಲ್ಲಿ ಅದನ್ನು ಕನ್ನಡದಲ್ಲಿ ಕೇಳುವ ಬಾಯಿಯೂ ಬೇಕಷ್ಟೆ.

ಭಾಷೆಯ ಮಾತು ಬಂದಾಗ ಹೈದರಾಬಾದಿನ ಅಧ್ಯಯನವೊಂದನ್ನು ಸ್ಮರಿಸಬೇಕು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲಿಯೂ ಈ ಅಂತರ ಕಂಡುಬಂದಿತು. ತುಳುವಿನಲ್ಲಿ ಮಾತಾಡಿ, ಕನ್ನಡದಲ್ಲಿ ಪ್ರಾರ್ಥಿಸಿ, ಮರಾಠಿಯಲ್ಲಿ ತರಕಾರಿ ಕೊಳ್ಳುವ ಹೊರನಾಡಿನ ಹಿರಿಯರ ಬಹುಭಾಷಿಕತೆ ಒಂದು ಸಂಪತ್ತಾಗಿರಬಹುದು. ಅದನ್ನೇ ಅವರ ಕೊರತೆಯಾಗಿ ದಾಖಲಿಸುವ ಪರೀಕ್ಷೆ ತಲೆಕೆಳಗಾದ ಪರೀಕ್ಷೆ.

ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದು ಇನ್ನೂ ದೊಡ್ಡ ಅವಿವೇಕ. ಅಂಕವು ತೀರ್ಪಲ್ಲ, ಮುಂದಿನ ವಿಚಾರಣೆಗೆ ಕರೆ. ಥೈರಾಯ್ಡ್ ಕೊರತೆ, ಖಿನ್ನತೆ, ಕಿವುಡುತನ, ಕೆಲವು ನಿದ್ರೆಯ ಮಾತ್ರೆಗಳು, ಬಿ12 ಜೀವಸತ್ವದ ಕೊರತೆ - ಇವೆಲ್ಲವೂ ಮರೆವಿನ ವೇಷ ತೊಟ್ಟು ಬರಬಲ್ಲವು, ಮತ್ತು ಇವುಗಳಿಗೆ ಚಿಕಿತ್ಸೆಯೋ ಪರಿಹಾರವೋ ಇದೆ. ಬಿ12 ಸಸ್ಯಾಹಾರದಲ್ಲಿ ಸಹಜವಾಗಿ ದೊರೆಯುವುದಿಲ್ಲ, ಹಾಲು ಮೊಸರುಗಳಲ್ಲಿ ಅಷ್ಟಿಷ್ಟು ದೊರೆಯುತ್ತದೆ. ವಯಸ್ಸಾದಂತೆ ದೇಹ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕೊರತೆಯ ಸಂಭವ ಇನ್ನೂ ಹೆಚ್ಚು. ಕಟ್ಟುನಿಟ್ಟಿನ ಸಸ್ಯಾಹಾರವನ್ನು ವ್ರತವಾಗಿ ಪಾಲಿಸುವ ಜೈನ ಮನೆಗಳಲ್ಲಿ ಇದು ವಿಶೇಷ ಎಚ್ಚರಿಕೆ ಬೇಡುವ ಸಂಗತಿ. ವ್ರತ ಬಿಡಬೇಕಾದ ಅಗತ್ಯವಿಲ್ಲ. ಒಂದು ರಕ್ತಪರೀಕ್ಷೆ, ವೈದ್ಯರ ಸಲಹೆಯಂತೆ ಮಾತ್ರೆ ಅಥವಾ ಚುಚ್ಚುಮದ್ದು ಸಾಕು. ಅದನ್ನು ಮಾಡಿಸದೆ 'ಅರಳುಮರಳು' ಎಂದು ಕೈಚೆಲ್ಲುವುದು ಅಹಿಂಸೆಯ ಲಕ್ಷಣವಲ್ಲ.

ಇನ್ನು, ಬಹಿರಂಗವಾಗಿ ಯಾರೂ ಆಡದ ಮಾತು ಆಸ್ತಿಯದು. ವೈದ್ಯರ ಕೊಠಡಿಯಲ್ಲಿ ಬಿದ್ದ ಕಡಿಮೆ ಅಂಕ ಮನೆಗೆ ಬರುವಷ್ಟರಲ್ಲಿ ಅಧಿಕಾರ ಕಿತ್ತುಕೊಳ್ಳುವ ಪರವಾನಗಿಯಾಗಿಬಿಡಬಹುದು. ಬ್ಯಾಂಕಿನ ಪುಸ್ತಕ ಕೈತಪ್ಪುತ್ತದೆ, ಊರಿನ ತೋಟದ ಮಾತುಕತೆ ತಾಯಿಯನ್ನು ಕೇಳದೆಯೇ ಮುಗಿಯುತ್ತದೆ. ಕಾನೂನು ಹೀಗೆ ಹೇಳುವುದಿಲ್ಲ. ಮಾನಸಿಕ ಕಾಯಿಲೆ ಇದೆಯೆಂದು ನಿರ್ಧಾರವಾದ ಮಾತ್ರಕ್ಕೆ ವ್ಯಕ್ತಿಯನ್ನು ಬುದ್ಧಿಸ್ವಾಧೀನವಿಲ್ಲದವನೆಂದು ಪರಿಗಣಿಸಲಾಗದು, ಅದನ್ನು ಸಕ್ಷಮ ನ್ಯಾಯಾಲಯವೇ ಘೋಷಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 59ನೆಯ ಕಲಮಿನಂತೆ, ಬುದ್ಧಿ ತಿಳಿಯಾಗಿರುವ ಅವಧಿಯಲ್ಲಿ ಮಾಡಿದ ಉಯಿಲಿಗೆ ಮಾನ್ಯತೆ ಇದೆ. ಕಾನೂನು ಕೇಳುವ ಪ್ರಶ್ನೆ ಮೂವತ್ತಕ್ಕೆ ಎಷ್ಟು ಎಂದಲ್ಲ, ಈ ವ್ಯಕ್ತಿಗೆ ಈ ಹೊತ್ತಿನಲ್ಲಿ ತಾನು ಮಾಡುತ್ತಿರುವುದೇನೆಂದು ತಿಳಿದಿದೆಯೇ ಎಂದು. ಮಕ್ಕಳೂ ಕೇಳಿಕೊಳ್ಳಬೇಕಾದದ್ದು ಅದನ್ನೇ.

ಹೊರನಾಡಿನ ಸಮಾಜ ಸಂಘಗಳು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣಾ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಅದೇ ಶ್ರದ್ಧೆ ಇಲ್ಲಿಯೂ ಬೇಕು. ಕನ್ನಡ, ತುಳು ಬಲ್ಲ ನಿವೃತ್ತ ಶಿಕ್ಷಕರು, ದಾದಿಯರು ತಜ್ಞರಿಂದ ತರಬೇತಿ ಪಡೆದು ಹಿರಿಯರೊಡನೆ ಆಸ್ಪತ್ರೆಗೆ ಹೋಗಿ ಭಾಷಾಂತರಕಾರರಾಗಿ ಕುಳಿತರೂ ಬಹಳಷ್ಟು ಅನ್ಯಾಯ ತಪ್ಪುತ್ತದೆ. ಪರೀಕ್ಷೆಗೆ ಮೊದಲು ಕನ್ನಡಕ, ಶ್ರವಣಯಂತ್ರಗಳು ಜೊತೆಗಿವೆಯೇ ಎಂದು ನೋಡಬೇಕು. ವರದಿಯಲ್ಲಿ ಅಂಕದ ಪಕ್ಕದಲ್ಲಿಯೇ ಓದಿದ ವರ್ಷಗಳನ್ನೂ ಪರೀಕ್ಷೆ ನಡೆದ ಭಾಷೆಯನ್ನೂ ಬರೆಯಿರೆಂದು ಕುಟುಂಬಗಳು ವೈದ್ಯರನ್ನು ಕೇಳಬೇಕು. ಆಯಾ ನಗರದಲ್ಲಿ ವಾಸಿಸುವ ಅನ್ಯಭಾಷಿಕ ಹಿರಿಯರಿಗೆ ಅವರ ನುಡಿಯಲ್ಲಿಯೇ ಪರೀಕ್ಷೆ ದೊರೆಯಬೇಕೆಂಬ ಬೇಡಿಕೆಯನ್ನು ಸರ್ಕಾರಗಳ ಮುಂದಿಡುವುದು ಕನ್ನಡಿಗರೊಬ್ಬರ ಕೆಲಸವಲ್ಲ. ಮುಂಬಯಿಯ ತಮಿಳರಿಗೂ ಬೆಂಗಳೂರಿನ ಬಂಗಾಳಿಗಳಿಗೂ ಅದು ಸಲ್ಲಬೇಕಾದ ಹಕ್ಕು.

ಡೊಂಬಿವಲಿಯ ಆ ತಾಯಿಗೆ ನಿಜವಾಗಿಯೂ ಕಾಯಿಲೆ ಇರಬಹುದು, ಇಲ್ಲದಿರಲೂಬಹುದು. ಅದನ್ನು ತಿಳಿಯುವ ಮಾರ್ಗ ಅವರಿಗೆ ಅರ್ಥವಾಗುವ ಮಾತಿನಲ್ಲಿ, ಅವರ ಬದುಕಿಗೆ ಪರಿಚಿತವಾದ ಪ್ರಶ್ನೆಗಳನ್ನು, ಸಮಾಧಾನದಿಂದ ಕೇಳುವುದು. ಇಂದು ಯಾವ ತಿಥಿ ಎಂದು ಕೇಳಿದ್ದರೆ ಅವರು ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.