ಎಲೆ ಎಸೆಯಲು ಬಾರದವರು

ನಮ್ಮ ನೆರಿಯದಲ್ಲಿ ಇಸ್ಪೀಟ್ ಜುಗಾರಿ ಎಂದರೆ ಉಲಾಯಿ-ಪಿದಾಯಿ. ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ, ಅಷ್ಟೆ. ಒಮಾಹಾ ಹೈ-ಲೋ ಪೋಕರನ್ನೂ ಇದೇ ಸಾಲಿಗೆ ಸೇರಿಸುವವರ ಮೇಲೆ ನನ್ನ ತಕರಾರು. ಅಲ್ಲಿ ಕೈಗೆ ನಾಲ್ಕು ಎಲೆ. ಕಟ್ಟಿದ ಹಣದಲ್ಲಿ ಅರ್ಧ ದೊಡ್ಡ ಕೈಗೆ, ಎಂಟು ದಾಟದ ಸಣ್ಣ ಕೈ ಇದ್ದರೆ ಇನ್ನರ್ಧ ಅದಕ್ಕೆ. ಎಲ್ಲರೂ ನುಗ್ಗುವ ಮೇಜಿನಲ್ಲಿ ಬ್ಲಫ್‌ಗೆ ಯಾರೂ ಹೆದರರು. ಎಕ್ಕ ಮತ್ತು ಎರಡು ಇದೆಯೆಂದು ಹಿಗ್ಗಿದರೆ, ಇನ್ನೊಬ್ಬನಲ್ಲೂ ಅದೇ ಇದ್ದು ಸಿಗುವುದು ಕಾಲು ಪಾಲು! ಎರಡೂ ಕಡೆ ಗೆಲ್ಲಬಲ್ಲ ಎಲೆಗೆ ಕಾಯಬೇಕು, ಉಳಿದದ್ದನ್ನು ಎಸೆಯಬೇಕು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಗೆ ಕೌಶಲವೂ ಒಂದೇ, ಅದೃಷ್ಟವೂ ಒಂದೇ. ಸಾಲ, ಸಾವುಗಳ ಕಾರಣ ಹೇಳಿದರೆ ಒಪ್ಪುತ್ತೇನೆ; ಎಸೆಯಲು ಬಾರದೆ ಸೋತವನು ಅದೃಷ್ಟವನ್ನು ದೂರುವುದನ್ನಲ್ಲ.