ನಿದ್ದೆ ಮಾತ್ರೆ ಕಡ ತರಬೇಡಿ

ಸಕ್ಕರೆ, ಕಾಫಿಪುಡಿ ಕಡ ತಂದ ಹಾಗೆ ಪಕ್ಕದ ಮನೆಯಿಂದ ನಿದ್ದೆ ಮಾತ್ರೆ ತಂದು ನುಂಗಬೇಡಿ, ಸೋದರಿಯರೇ. ಡಾಕ್ಟರು ಬರೆದುಕೊಡುವ ಜೋಲ್ಪಿಡೆಮ್ ಬೇಗ ನಿದ್ದೆ ಹತ್ತಿಸುತ್ತದೆ, ನಿಜ. ಆದರೆ ಅದು ಕೆಲವು ದಿನಗಳ, ಹೆಚ್ಚೆಂದರೆ ಎರಡು ನಾಲ್ಕು ವಾರಗಳ ಮಾತು. ನುಂಗಿದ ಮೇಲೆ ನೇರ ಹಾಸಿಗೆಗೆ. ಹಾಲಿಗೆ ಹೆಪ್ಪು ಹಾಕಿ ಬರ್ತೀನಿ ಅನ್ನೋದೆಲ್ಲ ಮೊದಲೇ ಮುಗಿದಿರಲಿ. ಏಳೆಂಟು ಗಂಟೆ ಮಲಗಲು ಬಿಡುವಿಲ್ಲದ ರಾತ್ರಿ ಮುಟ್ಟಲೇಬೇಡಿ.

ಹೆಂಗಸರ ಮೈಬಿಟ್ಟು ಹೋಗುವುದು ಈ ಔಷಧಿಗೆ ನಿಧಾನ. ಅದಕ್ಕೇ 2013ರಲ್ಲಿ ಅಮೆರಿಕದ ಔಷಧ ಇಲಾಖೆ ಹೆಂಗಸರ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿತು. ಬೆಳಿಗ್ಗೆ ಮಂಪರಿದ್ದರೆ ಸ್ಕೂಟರ್ ಬೇಡ. ಕೆಲವರು ನಿದ್ದೆಗಣ್ಣಲ್ಲೇ ಎದ್ದು ಅಡುಗೆಗೆ ಒಲೆ ಹಚ್ಚಿದ್ದೂ ಉಂಟು. ಬೆಳಿಗ್ಗೆ ಕೇಳಿದರೆ ನೆನಪೇ ಇಲ್ಲ! ಹಾಗಾದರೆ ಮತ್ತೆ ನುಂಗದೆ ಡಾಕ್ಟರಿಗೆ ಹೇಳಿ. ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ, ನಿಲ್ಲಿಸುವುದನ್ನೂ ಅವರನ್ನು ಕೇಳಿಯೇ.